ಗಿಣ್ಣು ಹಾಲಿನ ರಜೆ

ಬೆಳಿಗ್ಗೆ ಐದೂವರೆಗೆ ಒಂದು ಸಲ, ಸಾಯಂಕಾಲ ಐದಕ್ಕೆ ಇನ್ನೊಂದು ಸಲ ಡೈರಿಯ ಬಾಗಿಲು ತೆಗೆಯಬೇಕು. ಯುಗಾದಿಯಾಗಲಿ, ಗೌರಿ ಹಬ್ಬವಾಗಲಿ, ಹಸುಗಳು ಕ್ಯಾಲೆಂಡರು ನೋಡುವುದಿಲ್ಲವಲ್ಲ. ತೊಂಬತ್ತರ ದಶಕದಲ್ಲಿ ಪಾಂಡವಪುರದ ಹತ್ತಿರದ ನಮ್ಮೂರ ಡೈರಿಯಲ್ಲಿ ಕೆಲಸಕ್ಕಿದ್ದವರು ಇಬ್ಬರೇ: ಪುಸ್ತಕ ಬರೆಯುವ ಕಾರ್ಯದರ್ಶಿ, ಲ್ಯಾಕ್ಟೋಮೀಟರ್ ಇಳಿಸಿ ಹಾಲಿನ ಡಿಗ್ರಿ ನೋಡುವ ನಾನು.

ಕಾರ್ಯದರ್ಶಿಗೆ ಇಬ್ಬರು ಮಕ್ಕಳು. ಮಗನಿಗೆ ಜ್ವರ, ಮಗಳಿಗೆ ಸ್ಕೂಲ್ ಡೇ, ಇನ್ನೊಂದು ದಿನ ಸೂಜಿ ಹಾಕಿಸಬೇಕು. ವಾರಕ್ಕೆ ಎರಡು ಮೂರು ಸಾಯಂಕಾಲ, "ಒಸಿ ನೋಡ್ಕೋ ಕಣಣ್ಣ" ಎಂದು ಸೈಕಲ್ ಹತ್ತುತ್ತಿದ್ದ. ಸಿಟ್ಟು ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನನ್ನು ದೊಡ್ಡಪ್ಪ ಎನ್ನುತ್ತಿದ್ದ ಆ ಮಕ್ಕಳ ಮೇಲೆ ಹೇಗೆ ಸಿಟ್ಟು ಮಾಡುವುದು? ಸೊಂಟ ಹಿಡಿದುಕೊಂಡು ಇಬ್ಬರ ಕೆಲಸ ಮಾಡುತ್ತಿದ್ದೆ.

ನಮಗೆ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಹೆಂಡತಿ ನನ್ನನ್ನು ಕೇಳಿದ್ದು ಒಂದೇ. "ಒಂದಿನ ಸಾಯಂಕಾಲ ಪಟ್ಣಕ್ಕೋಗಿ ಒಳೆ ದಡದಲ್ಲಿ ಕುಂತ್ಕೊಂಡು ಬರಣ." ಶ್ರೀರಂಗಪಟ್ಟಣ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅದಕ್ಕೂ ನನಗೆ ಪುರುಸೊತ್ತಾಗಿರಲಿಲ್ಲ. ಸಾಯಂಕಾಲದ ಹೊತ್ತು ನಾವು ಮುಖ ನೋಡುತ್ತಿದ್ದದ್ದು ಅವಳು ನಮ್ಮ ಹಸುವಿನ ಹಾಲು ತಂದು ಡೈರಿಯ ಸಾಲಿನಲ್ಲಿ ನಿಂತಾಗ ಮಾತ್ರ.

ಒಂದು ಸಾಯಂಕಾಲ ಡೈರಿ ಅಧ್ಯಕ್ಷರು ಬಂದು ಬೆಂಚಿನ ಮೇಲೆ ಕೂತಿದ್ದರು. ಸಾಲಿನ ಮುಂದಿದ್ದವನ ಹಾಲು ಹಳದಿಯಾಗಿತ್ತು. ಆಗತಾನೆ ಈದ ಹಸುವಿನ ಗಿಣ್ಣು ಹಾಲು. ಕೆಲವು ದಿನ ಅದನ್ನು ಡೈರಿಗೆ ತೆಗೆದುಕೊಳ್ಳುವಂತಿಲ್ಲ. "ಕರ ಕುಡೀಲಿ, ತಕ್ಕೊಂಡೋಗು" ಎಂದು ವಾಪಸು ಕಳಿಸಿದೆ. ಕಾರ್ಯದರ್ಶಿ ಅವತ್ತೂ ಇರಲಿಲ್ಲ. ಸುಸ್ತಾಗಿತ್ತು, ಬಾಯಿ ತಡೆಯಲಿಲ್ಲ.

"ಗೌಡ್ರೇ, ಈದ ಅಸೂಗೂ ರಜಾ ಅದೆ. ನಂಗೂ ವಾರಕ್ಕೊಂದ್ ಸಾಯಂಕಾಲ ಬುಟ್ಕೊಡಿ."

"ನಿಂಗ್ಯಾಕ್ಲಾ? ಮನೇಲಿ ಮಕ್ಳಾ, ಮರಿಯಾ?"

"ಸುಮ್ನೆ ಕೂರಕ್ಕೆ."

ಅಧ್ಯಕ್ಷರು ಜೋರಾಗಿ ನಕ್ಕರು. "ಈದ ಅಸೂಗೆ ರಜಾ ಸರಿ ಕಣ್ಲಾ. ಗೊಡ್ಡಿಗೂ ಕೊಡಕ್ಕಾಯ್ತದಾ?"

ಕೆಟ್ಟ ಮನುಷ್ಯರಲ್ಲ, ತಮಾಷೆಗೆ ಆಡಿದ ಮಾತು. ಆದರೆ ಗೊಡ್ಡು ಎನ್ನುವುದನ್ನು ನಮ್ಮೂರಲ್ಲಿ ಹಸುವಿಗಷ್ಟೇ ಅನ್ನುವುದಿಲ್ಲ. ಸಾಲಿನಲ್ಲಿ ಮೂರನೆಯವಳಾಗಿ ನನ್ನ ಹೆಂಡತಿ ನಿಂತಿದ್ದಳು. ಎಲ್ಲರೂ ನೆಲ ನೋಡತೊಡಗಿದರು. ಅಧ್ಯಕ್ಷರು ಅವಳನ್ನು ಕಂಡದ್ದು ಆಮೇಲೆ. ಮುಖ ಪೆಚ್ಚಾಯಿತು, ಟವೆಲ್ಲು ಕೊಡವಿಕೊಂಡು ಎದ್ದು ಹೋದರು. ಅವಳು ತನ್ನ ಸರದಿ ಬಂದಾಗ ಕ್ಯಾನು ಮುಂದಿಟ್ಟು, "ಡಿಗ್ರಿ ನೋಡಿ" ಎಂದಳು. ನೋಡಿದೆ. ಕಣ್ಣು ಮಂಜಾಗಿ ಲ್ಯಾಕ್ಟೋಮೀಟರಿನ ಗೆರೆ ಕಾಣಲಿಲ್ಲ. ಅಂದಾಜಿಗೆ ಏನೋ ಬರೆದುಕೊಂಡೆ.

ಮಾರನೆಯ ದಿನ ಕಾರ್ಯದರ್ಶಿ ತಲೆ ತಗ್ಗಿಸಿಕೊಂಡು ಬಂದ. "ಇನ್ಮೇಲೆ ಗುರುವಾರ ಸಾಯಂಕಾಲ ನಾನೇ ನೋಡ್ಕತೀನಿ ಕಣಣ್ಣ, ನೀನು ಬರ್ಬ್ಯಾಡ. ಅಧ್ಯಕ್ಷರೇ ಅಂದವ್ರೆ. ಮಕ್ಳನ್ನ ಇಲ್ಲಿಗೇ ಕರ್ಕೊಂಡು ಬತ್ತೀನಿ." ಇಷ್ಟು ವರ್ಷ ಆಗದೇ ಇದ್ದದ್ದು ಒಂದು ರಾತ್ರಿಯಲ್ಲಿ ಆಗಿಬಿಟ್ಟಿತ್ತು.

ಗುರುವಾರ ಪಕ್ಕದ ಮನೆಯವರಿಗೆ ಹಸು ಒಪ್ಪಿಸಿ ಪಟ್ಟಣಕ್ಕೆ ಹೋದೆವು. ಅವಳು ಮದುವೆ ಮನೆಗಳಿಗೆ ಉಡುವ ಸೀರೆ ಉಟ್ಟಿದ್ದಳು. ಕಾವೇರಿಯ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿದೆವು. ಬೇಕಾದಷ್ಟು ಮಾತಾಡಬಹುದು ಅಂದುಕೊಂಡು ಬಂದಿದ್ದೆ; ಕೂತ ಮೇಲೆ ನಿದ್ದೆ ಎಳೆಯತೊಡಗಿತು. ಡೈರಿಯ ವಿಷಯ ಅವಳು ಅಲ್ಲಿಯವರೆಗೂ ಎತ್ತಿರಲಿಲ್ಲ.

ಸಿಪ್ಪೆಯನ್ನೆಲ್ಲ ನೀರಿಗೆ ಕೊಡವಿ ಕೇಳಿದಳು. "ಈ ರಜಾ ನೀವು ಕೇಳಿದ್ದಕ್ಕೆ ಕೊಟ್ರಾ, ನಾನು ಅನ್ನಿಸ್ಕೊಂಡಿದ್ದಕ್ಕೆ ಕೊಟ್ರಾ?"

ಎದ್ದು ಪಂಚೆ ಕೊಡವಿಕೊಂಡೆ. ಬಸ್ಸಿಗೆ ಹೊತ್ತಾಯಿತು ಎಂದೆ.