ತುಂಬೆ ಹುಟ್ಟಿದ ಜಾಗ

ಪಾರ್ಕಿನಲ್ಲಿ ಹುಲ್ಲು ಕತ್ತರಿಸಿದ ಮೇಲೆ ಒಂದು ಹಸಿ ವಾಸನೆ ಏಳುತ್ತದಲ್ಲ, ಅದು ಎಲ್ಲರಿಗೂ ಹಿತವಂತೆ. ವಾಕಿಂಗಿಗೆ ಬಂದವರು ನಿಂತು ಮೂಗರಳಿಸುತ್ತಾರೆ. ನಾನು ಮಾತ್ರ ಗೇಟಿನಿಂದಲೇ ವಾಪಸು ತಿರುಗುತ್ತೇನೆ. ಹಾರೋಹಳ್ಳಿಯ ಅಂಚಿನಲ್ಲಿದ್ದ ನಮ್ಮ ಮನೆಗೆ ಆ ವಾಸನೆ ಮೊದಲ ಸಲ ಬಂದ ದಿನ ನಾನು ಲಂಗ ಎತ್ತಿ ಕಟ್ಟಿಕೊಂಡು ಕುಣಿದಿದ್ದೆ. ಅಪ್ಪನೂ ನಗುತ್ತಿದ್ದರು. ಪಾಪ, ಅಷ್ಟು ಖುಷಿಯಲ್ಲಿ ಅವರನ್ನು ನಾನು ಆಮೇಲೆ ನೋಡಲಿಲ್ಲ.

ಮನೆಯ ಹಿಂದೆ ಅವ್ವನ ಹೂದೋಟವಿತ್ತು. ಕನಕಾಂಬರ, ಮಲ್ಲಿಗೆ, ಸ್ಫಟಿಕ, ಬಾವಿಕಟ್ಟೆಯ ಸುತ್ತ ಡೇರೆ. ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುವ ಕೆಲಸ ಎಷ್ಟೇ ಇರಲಿ, ಸಂಜೆ ಅವಳ ಸೆರಗಿನ ತುಂಬ ಮೊಗ್ಗು ಇರುತ್ತಿತ್ತು. ನನಗೊಬ್ಬ ತಮ್ಮ ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡ ಮೇಲೆ ಆ ತೋಟ ಹಾಳುಬಿತ್ತು. ಹಸುಗೂಸಿಗೆ ಸಮಾಧಿ ಕಟ್ಟುವ ರೂಢಿ ನಮ್ಮಲ್ಲಿ ಇರಲಿಲ್ಲ, ಒಂದು ಕಲ್ಲನ್ನೂ ನೆಡುತ್ತಿರಲಿಲ್ಲ. ಹೆಂಗಸರು ಜೊತೆಗೆ ಹೋಗುವಂತೆಯೂ ಇರಲಿಲ್ಲ. ತಾತ ಮತ್ತು ಅಪ್ಪ ತೋಟದ ಮೂಲೆಯಲ್ಲಿ, ಬೇಲಿಯ ಕಳ್ಳಿಯ ಗುರುತಿಟ್ಟುಕೊಂಡು, ಮಣ್ಣು ಮಾಡಿ ಬಂದರು. ಮುಂದಿನ ಮಳೆಗೆ ಆ ಅಗೆದ ಮಣ್ಣಿನ ಮೇಲೆ ಒಂದು ತುಂಬೆ ಗಿಡ ತಾನಾಗಿ ಹುಟ್ಟಿತು. ಒಣಗಿದರೂ ಬೀಜ ಉದುರಿ ಮತ್ತೆ ಅಲ್ಲೇ ಹುಟ್ಟುತ್ತಿತ್ತು. ಅವ್ವನಿಗೆ ಮಗನ ಗುರುತು ಅದೊಂದೇ. ಯಾರೂ ಇಲ್ಲದ ಹೊತ್ತು ನೋಡಿ ಪೊದೆ ಸರಿಸಿಕೊಂಡು ಹೋಗಿ ಅದಕ್ಕೆ ಒಂದು ಚೊಂಬು ನೀರು ಹೊಯ್ದು ಬರುತ್ತಿದ್ದಳು. ಮಿಕ್ಕ ಗಿಡ ಒಣಗಲಿ, ಲಂಟಾನ ತುಂಬಲಿ, ಅವಳಿಗೆ ಬೇಕಿರಲಿಲ್ಲ. ಮಗುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲವಾದ್ದರಿಂದ ಅಪ್ಪನಿಗೂ ಇದು ಗೊತ್ತಿರಲಿಲ್ಲ. ನನಗಂತೂ ಎಲ್ಲ ತಿಳಿದದ್ದು ಆಮೇಲೆ. ಎಷ್ಟೋ ಮನೆಗಳಲ್ಲಿ ದುಃಖವನ್ನು ಹೀಗೇ ಬಾಯಿ ಮುಚ್ಚಿ ಸಾಕುತ್ತಾರೆ, ನಿಮಗೂ ಗೊತ್ತಿರಬೇಕು.

ಆ ಹೊತ್ತಿಗೆ ಕೈಗಾರಿಕಾ ಪ್ರದೇಶ ನಮ್ಮ ಬೇಲಿಯ ತನಕ ಬಂದಿತ್ತು. ಅಲ್ಲಿನ ಫ್ಯಾಕ್ಟರಿಗಳ ಮುಂದೆ ತೋಟ ಮಾಡುತ್ತಿದ್ದವನು ಮಾಲಿ ಮಾದಣ್ಣ. ಅವ್ವ ತನ್ನ ತಾಯಿಗೆ ಹುಷಾರಿಲ್ಲವೆಂದು ತವರೂರು ಕಲ್ಯಕ್ಕೆ ಹೋಗಿ ಅಲ್ಲೇ ಉಳಿದಾಗ ಅಪ್ಪ ಅವನನ್ನು ಕರೆಸಿದರು. ತೋಟ ಮೊದಲಿನಂತಾದರೆ ಹೆಂಡತಿಯೂ ಮೊದಲಿನಂತಾಗುತ್ತಾಳೆ ಎಂಬ ಆಸೆ ಅವರದು. “ಅವ್ಳು ಬರೋದ್ರೊಳಗೆ ಮುಗೀಬೇಕು ಕಣಯ್ಯ. ನೋಡಿದ್ ತಕ್ಷಣ ನಗ್ಬೇಕು,” ಅಂದರು. ಮಾದಣ್ಣ ಫ್ಯಾಕ್ಟರಿಯಲ್ಲಿ ಮಾಡುವ ಹಾಗೆಯೇ ಮಾಡಿದ. ಮೊದಲು ಎಲ್ಲ ಬೋಳು. ಆಮೇಲೆ ದಾರ ಕಟ್ಟಿ ನೆಲ ಮಟ್ಟ. ಅದರ ಮೇಲೆ ಹೊರಗಿನ ಕೆಂಪು ಮಣ್ಣು ಹರಡಿ ಹುಲ್ಲಿನ ಚಾಪೆ ಹಾಸಿ, ಅಂಚಿಗೆ ಇಟ್ಟಿಗೆಗಳನ್ನು ಓರೆಯಾಗಿ ನೆಟ್ಟು ಸುಣ್ಣ ಬಳಿದ. ಕಾಲಿಗೆ ಅಡ್ಡ ಬರುತ್ತಿದ್ದ ನನ್ನನ್ನು “ಏನ್ ಇನ್‌ಸ್ಪೆಟ್ರಮ್ಮ, ಕೆಲ್ಸ ಪಾಸಾ?” ಎಂದು ರೇಗಿಸುತ್ತಿದ್ದ. ಹುಲ್ಲು ಬೇರು ಹಿಡಿದ ಮೇಲೆ ಉದ್ದ ಕತ್ತರಿಯಲ್ಲಿ ಅದರ ತಲೆ ಸವರಿದಾಗ ಆ ಹಸಿ ವಾಸನೆ ಅಡುಗೆಮನೆಯ ತನಕ ಬಂತು.

ಅವತ್ತೇ ಅವ್ವ ಬಸ್ಸಿಳಿದು ಬಂದಳು. ಅಪ್ಪ ಹಿತ್ತಲ ಬಾಗಿಲು ತೆಗೆದು, ಮದುವೆಗಂಡಿನ ಹಾಗೆ ನಾಚಿಕೊಂಡು ಪಕ್ಕಕ್ಕೆ ನಿಂತರು. ಅವ್ವ ಮೂಲೆಯತ್ತ ಹೋದಳು, ವಾಪಸು ಬಂದಳು, ಮತ್ತೆ ಹೋದಳು.

“ಇಲ್ಲೊಂದು ತುಂಬೆ ಗಿಡ ಇತ್ತಲ್ಲ?”

“ಕಳೆ ಎಲ್ಲಾ ಕಿತ್ತಾಕಿವ್ನಿ ಕಣವ್ವ,” ಅಂದ ಮಾದಣ್ಣ, ಶಭಾಸ್‌ಗಿರಿ ಸಿಗುತ್ತದೆಂದು.

“ನನ್ ಮಗೀನ್ ಮ್ಯಾಲಿದ್ದ ಗಿಡ ಅದು.”

ಅಪ್ಪ ಓಡಿ ಹೋಗಿ “ಇಲ್ಲೇ ಕಣೆ” ಅಂದರು. ಪಕ್ಕಕ್ಕೆ ಸರಿದು “ಅಲ್ಲ, ಇಲ್ಲಿ” ಅಂದರು. ಗುರುತಿಗಿದ್ದ ಬೇಲಿಯ ಕಳ್ಳಿಯೂ ಇರಲಿಲ್ಲ, ಜೊತೆಗಿದ್ದ ತಾತನೂ ಆಗಲೇ ತೀರಿಕೊಂಡಿದ್ದರು. ಅಗೆದು ನೋಡೋಣ ಎನ್ನುವ ಧೈರ್ಯ ಯಾರಿಗಿತ್ತು? ಅವ್ವ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಅಪ್ಪ ಬದುಕಿಕೊಳ್ಳುತ್ತಿದ್ದರೇನೋ. ಅವರು ಮತ್ತೆ ಆ ತೋಟದ ಕಡೆ ಮುಖ ಹಾಕಲಿಲ್ಲ.

ಮಾರನೆಯ ಬೆಳಿಗ್ಗೆ ಮಾದಣ್ಣ ಕರೆಯದೆಯೇ ಬಂದ. ತಾನು ಹಾಸಿದ ಹುಲ್ಲನ್ನು ತಾನೇ ಎಬ್ಬಿಸಿ ಸುತ್ತಿಟ್ಟ. ಹೊಲದ ಬದುಗಳಿಂದ ಒಣಗಿದ ತುಂಬೆ ಗಿಡಗಳನ್ನು ತಂದು, ಅಂಗೈಯಲ್ಲಿ ಉಜ್ಜಿ, ತೋಟದ ಉದ್ದಗಲಕ್ಕೂ ಬೀಜ ಉದುರಿಸಿದ. “ಎಲ್ಲಾ ಕಡೀಕೂ ಹಾಕಿವ್ನಿ ಕಣವ್ವ. ಎಲ್ಲಿದ್ರೂ ಅದ್ರ ಮ್ಯಾಲೆ ಒಂದು ಹುಟ್ತದೆ,” ಅಂದ. ಅವ್ವ ಆಗ ಬಿಕ್ಕಿ ಬಿಕ್ಕಿ ಅತ್ತಳು. ಮಳೆ ಬಂದ ಮೇಲೆ ತೋಟಕ್ಕೆ ತೋಟವೇ ಬೆಳ್ಳಗಾಯಿತು. “ಇದೇನ್ ಕಳೆ ಸಾಕ್ಕೊಂಡಿದ್ದೀರಿ?” ಎಂದು ನಂಟರು ನಗುತ್ತಿದ್ದರು. ಅವ್ವ ಚೊಂಬು ಬಿಟ್ಟು, ಕೊಡ ಹೊತ್ತು ಇಡೀ ತೋಟಕ್ಕೆ ನೀರು ಹೊಯ್ಯತೊಡಗಿದಳು.

ಆ ನೆಲ ಹೆಚ್ಚು ಕಾಲ ನಮ್ಮದಾಗಿ ಉಳಿಯಲಿಲ್ಲ. ಕೈಗಾರಿಕಾ ಪ್ರದೇಶ ಬೇಲಿ ದಾಟಿತು. ಮನೆ, ಹಿಪ್ಪುನೇರಳೆ ಹೊಲ, ತೋಟ ಎಲ್ಲ ಹೋಯಿತು. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಅಲ್ಲಿ ಸಾಲಾಗಿ ಎದ್ದಿರುವ ತಗಡಿನ ಶೆಡ್ಡುಗಳ ನಡುವೆ ನಮ್ಮ ಅಡುಗೆಮನೆ ಎಲ್ಲಿತ್ತೆಂದು ತೋರಿಸು ಅಂದರೆ ನನ್ನಿಂದಾಗದು.

ಮನೆ ಬಿಡುವ ದಿನ ನನ್ನ ಸೋದರತ್ತೆ ಅವ್ವನಿಗೆ, “ಮಗೀನ್ ಜಾಗ್ದಿಂದ ಒಂದ್ ಹಿಡಿ ಮಣ್ ತಗೊಳ್ಳವ್ವ, ಹೊಸ ಮನೆ ತಾವ ಹಾಕೀವಂತೆ,” ಅಂದಳು. ಅವ್ವ ಸೆರಗು ಒಡ್ಡಿಕೊಂಡು ತೋಟಕ್ಕೆ ಇಳಿದಳು. ಎಲ್ಲಿ ಬಗ್ಗಬೇಕೆಂದು ತಿಳಿಯದೆ ಬಹಳ ಹೊತ್ತು ನಿಂತೇ ಇದ್ದಳು. ಕೊನೆಗೆ ಖಾಲಿ ಸೆರಗನ್ನು ಹೊದ್ದುಕೊಂಡು ಹಿಂದಿರುಗಿದಳು. ಸಾಮಾನು ಹೇರಲು ಬಂದಿದ್ದ ಮಾದಣ್ಣ ಲಾರಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಫ್ಯಾಕ್ಟರಿ ಎದ್ದ ಮೇಲೆ ಅದರ ಮುಂದೆ ತೋಟ ಮಾಡಲು ಅವನನ್ನೇ ಕರೆಯುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅವ್ವ ಅವನ ಹತ್ತಿರ ಹೋದಳು.

“ಮಾದಣ್ಣ, ಇಲ್ಲಿ ಅಗಿಯೋವಾಗ ಒಸಿ ಮೆಲ್ಲಗೆ ಅಗಿಯಪ್ಪ.”