ದಿಬ್ಬ ಹತ್ತಿದ ಕಾಲುವೆ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಏನಾದರೊಂದು ನೆಪ ಹುಡುಕಿ ಎದ್ದುಬಿಟ್ಟಿದ್ದೇನೆ. ಇವತ್ತು ಏಳುವುದಿಲ್ಲ.

ನನ್ನ ತಮ್ಮನ ಮಗಳು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಭೂಗೋಳದ ಎಂ.ಎಸ್ಸಿ. ಓದುತ್ತಿದ್ದಳು. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಓದು. ನಮ್ಮೂರು ಕೋಗಿಲಿನ ಕೆರೆಯಿಂದ ಗದ್ದೆಗಳಿಗೆ ಹರಿಯುತ್ತಿದ್ದ ಹಳೆಯ ಕಾಲುವೆಯೇ ಅವಳ ಪ್ರಾಜೆಕ್ಟು. ಗದ್ದೆಗಳೆಲ್ಲ ಬಡಾವಣೆಯಾಗಿದ್ದವು. ಗುರುತು ಹೇಳಲು, ಚಿಕ್ಕಂದಿನಿಂದ ಅಲ್ಲಿ ನೀರು ಕಟ್ಟಿದ್ದ ನಾನೇ ಬೇಕಾಯಿತು. ಎಸ್ಸೆಸ್ಸೆಲ್ಸಿ ಓದಿದವನಿಗೆ ಎಂ.ಎಸ್ಸಿ. ಶಿಷ್ಯೆ! ತಲೆಗೆ ಟವೆಲ್ ಸುತ್ತಿ ಮುಂದೆ ನಡೆದೆ. ಅವಳು ಜಿಪಿಎಸ್ ಹಿಡಿದು, ನಾನು ನಿಂತಲ್ಲೆಲ್ಲ ಜಾಗ ಗುರುತಾಗಲೆಂದು ಗುಂಡಿ ಒತ್ತುತ್ತ ಹಿಂದೆ ಬಂದಳು.

"ದೊಡ್ಡಪ್ಪ, ಇಲ್ಲಿ ಎಷ್ಟು ಅಗಲ ಇತ್ತು?"

"ಎಮ್ಮೆ ಅಡ್ಡ ಮಲಗಿದ್ರೆ ನೀರು ನಿಂತೋಗೋದು ಕಣಮ್ಮಿ. ಬರ್ಕೋ."

"ಎಮ್ಮೇನ ಮೀಟರ್‌ನಲ್ಲಿ ಹೆಂಗ್ ಬರೀಲಿ?" ಎಂದು ನಕ್ಕಳು.

ರಸ್ತೆ ಬದಿಗೆ ಬಂದಾಗ ನನಗೆ ದಿಗಿಲಾಯಿತು. ಕಾಲುವೆಯ ಮೇಲೆಯೇ ನಾನು ಮೂರು ಅಂಗಡಿ ಕಟ್ಟಿಸಿದ್ದೆ. ಗೆರೆ ನಕ್ಷೆಗೆ ಬಂದರೆ ಒಡೆಯಲು ಯಾರಾದರೂ ಬಂದಾರೆಂಬ ಭಯ. ಅಂಗಡಿಗಳ ಹಿಂದಿನ ದಿಬ್ಬ ತೋರಿಸಿ, "ಇಂಗೇ ಓಗ್ತಿತ್ತು" ಎಂದೆ. ಅವಳು ನಂಬಿ ಒತ್ತಿದಳು.

ವಾರ ಕಳೆದು ಬಂದಳು. "ದೊಡ್ಡಪ್ಪ, ನಿಮ್ಮ ನೀರು ದಿಬ್ಬ ಹತ್ತುತ್ತೆ! ಮೇಷ್ಟ್ರು ಎತ್ತರ ಲೆಕ್ಕ ಹಾಕಿ ತೋರಿಸಿದ್ರು. 'ಮನೇಲಿ ಕೂತು ಗೆರೆ ಎಳ್ದಿದೀಯ, ಸೋಮವಾರದೊಳಗೆ ಸರಿ ಮಾಡ್ದಿದ್ರೆ ಪ್ರಾಜೆಕ್ಟ್ ತಗೊಳ್ಳಲ್ಲ' ಅಂದ್ರು. ಕ್ಲಾಸೆಲ್ಲ ಬಿದ್ದುಬಿದ್ದು ನಕ್ತು." ಅವಳೂ ನಗುತ್ತಿದ್ದಳು, ಕಣ್ಣು ಮಾತ್ರ ಕೆಂಪಗಿತ್ತು.

"ವಯಸ್ಸಾಯ್ತಲ್ಲವ್ವ, ಮರ್ತೋಗಿತ್ತು" ಎಂದೆ. ಮರೆತಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಮತ್ತೆ ಹೊರಟೆವು. ನಡುವಿನ ಅಂಗಡಿಯ ಮುಂದೆ ನಿಂತು, "ಇಲ್ಲೊತ್ತು" ಎಂದೆ. ಅವಳು ಅಂಗಡಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಗ್ಯಾರಂಟೀನಾ, ದೊಡ್ಡಪ್ಪ?"

"ಒತ್ತಮ್ಮಿ."

ನಕ್ಷೆ ಮುಗಿಸಿ ತಂದು ನನ್ನ ಮುಂದೆ ಹರಡಿದಳು. ನೀಲಿ ಗೆರೆ ಕೆರೆಯಿಂದ ಇಳಿದು, ನನ್ನ ಅಂಗಡಿಗಳನ್ನು ಹಾದು, ಗದ್ದೆಬಯಲು ಸೇರಿತ್ತು. ಬೆರಳಿಟ್ಟು ಅದರ ಜೊತೆ ಹೋದೆ. ಬರಿಗಾಲಲ್ಲಿ ನೀರಿನ ಹಿಂದೆ ಓಡಿದಷ್ಟು ಖುಷಿ. ಅಂಗಡಿ ಒಡೆದರೆ ಒಡೆಯಲಿ ಎನಿಸಿತು. ಆದರೆ ಒಡೆಯಲು ಯಾರೂ ಬರಲಿಲ್ಲ.

ಪಾಸಾದ ದಿನ ಮೈಸೂರುಪಾಕು ತಂದು, "ಮರೆವಿನ ದೊಡ್ಡಪ್ಪಂಗೆ ದೊಡ್ಡ ಪೀಸು" ಎಂದು ಬಾಯಿಗಿಟ್ಟಳು. ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ತಪ್ಪಾಯಿತು ಎಂಬ ಮಾತನ್ನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಆ ಮಾತು ಸಲ್ಲಬೇಕಾಗಿದ್ದದ್ದು ನನ್ನ ತಮ್ಮನ ಮಗಳಿಗೆ.