ಬೋರಲು ಗಂಗಾಳ

ಹಿಮ ಬೀಳುವ ಮುನ್ನ, ರಸ್ತೆ ಹೆಪ್ಪುಗಟ್ಟದಿರಲಿ ಎಂದು, ನಮ್ಮ ಬೀದಿಗೆ ಉಪ್ಪಿನ ಲಾರಿ ಬರುತ್ತದೆ. ಅದರ ಹಿಂಬದಿಯಿಂದ ಚಿಮ್ಮುವ ಹರಳುಪ್ಪು ರಸ್ತೆಗೆ ಬಿದ್ದು, ಪುಟಿದು, ಬದಿಗೆ ನಿಂತ ಕಾರುಗಳ ಹೊಟ್ಟೆಗೆ ಬಡಿದು ಚಿಟಚಿಟ ಅನ್ನುತ್ತದೆ, ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಬೇರೆಯವರಿಗೆ ಅದು ನಾಳೆ ಸ್ಕೂಲಿಗೆ ರಜೆ ಸಿಗಬಹುದು ಎಂಬ ಸುದ್ದಿ. ನನಗೆ ಮಾತ್ರ ಅದನ್ನು ಕೇಳಿದೊಡನೆ, ತಲೆಯಲ್ಲಿ ಬಿಳಿಕೂದಲು ಇಣುಕುತ್ತಿರುವ ಈ ಹೊತ್ತಿಗೂ, ಕಿವಿ ಬಿಸಿಯಾಗುತ್ತದೆ. ನಾಚಿಕೆಗೂ ಒಂದು ಸದ್ದಿರುತ್ತದೆಯೇ ಎಂದು ನೀವು ನಗಬಹುದು. ನಿಮ್ಮ ಮನೆಯಲ್ಲೂ ಒಂದು ಹಳೆಯ ಗಾಡಿ ಇದ್ದು, ಅದರಲ್ಲಿ ಕೂತು ಎಲ್ಲಿಗಾದರೂ ಮರ್ಯಾದೆಯಿಂದ ಹೋಗಿ ಇಳಿಯಬೇಕಾಗಿ ಬಂದಿದ್ದರೆ ನಗಲಾರಿರಿ.

ಆಗ ನಾವು ವಾಷಿಂಗ್ಟನ್ನಿನ ಹತ್ತಿರದ ಸ್ಟರ್ಲಿಂಗ್‌ನಲ್ಲಿದ್ದೆವು. ತೊಂಬತ್ತರ ದಶಕದ ನಡುವಿನ ಮಾತು. ಇಟ್ಟಿಗೆಯ ಅಪಾರ್ಟ್‌ಮೆಂಟು, ತಲೆಯ ಮೇಲೆ ಅಲ್ಲಿನ ಡಲ್ಲಸ್ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು, ಒಳಗೆ ಸದಾ ಶೇಂಗಾ ಚಟ್ನಿಪುಡಿ ಮತ್ತು ಒದ್ದೆ ಉಣ್ಣೆಯ ವಾಸನೆ. ಅಪ್ಪ ಸೇತುವೆಗಳ ಲೆಕ್ಕ ಹಾಕುವ ಎಂಜಿನಿಯರು. ಅವ್ವ ಹುಬ್ಬಳ್ಳಿಯಲ್ಲಿ ಹೆರಿಗೆ ಡಾಕ್ಟರಾಗಿದ್ದವಳು. ಇಲ್ಲಿ ಮತ್ತೆ ಡಾಕ್ಟರು ಅನ್ನಿಸಿಕೊಳ್ಳಬೇಕಾದರೆ ಪರೀಕ್ಷೆಗಳನ್ನೆಲ್ಲ ಹೊಸದಾಗಿ ಬರೆದು, ಯಾವುದಾದರೂ ಆಸ್ಪತ್ರೆಯಲ್ಲಿ ಮೊದಲಿನಿಂದ ತರಬೇತಿಗೆ ಸೇರಬೇಕಿತ್ತು. ಅಡುಗೆಕಟ್ಟೆಯ ಮೇಲೆ ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಅವಳು ರೊಟ್ಟಿ ಬಡಿಯುತ್ತಿದ್ದಳು. ಹಾಳೆ ತಿರುಗಿಸಿದಲ್ಲೆಲ್ಲ ಜೋಳದ ಹಿಟ್ಟಿನ ಬೆರಳಚ್ಚು. ಜೊತೆಗೆ ಅಪ್ಪನ ತಾಯಿ. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ನನ್ನ ಬಾಯಲ್ಲಿ ಇವತ್ತು ಉಳಿದಿರುವ ಕನ್ನಡವೆಲ್ಲ ಅವಳು ನನ್ನ ತಲೆ ಬಾಚುತ್ತ, ಸಿಕ್ಕು ಬಿಡಿಸುತ್ತ, ನಡುನಡುವೆ ಬೈಯುತ್ತ ಕೊಟ್ಟದ್ದು. ಬಂದ ವರ್ಷ ಕಿಟಕಿಯಿಂದ ಉಪ್ಪಿನ ಲಾರಿ ನೋಡಿ ಅವಳು ಎದೆ ಬಡಿದುಕೊಂಡಿದ್ದಳು. “ಅಯ್ಯ ಶಿವನ, ಲಕ್ಷ್ಮೀನ ಬೀದಿಗೆ ಚೆಲ್ಲಾಕತ್ತಾರಲ್ಲೋ! ಈ ಊರಾಗ ಹೇಳವರು ಕೇಳವರು ಯಾರೂ ಇಲ್ಲೇನು?” ಆಮೇಲೆ ಚಳಿಗಾಲದಲ್ಲಿ ಹೊರಗೆ ಕಾಲಿಡುವಾಗಲೆಲ್ಲ ಬಗ್ಗಿ, ರಸ್ತೆಯ ಉಪ್ಪನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡು, ತಪ್ಪಾಯ್ತು ಎಂದುಕೊಂಡೇ ತುಳಿಯುತ್ತಿದ್ದಳು. ಎದುರಿಗೆ ಬಂದವರು ಈ ಅಜ್ಜಿಯ ಕೈಯಿಂದ ಏನೋ ಬಿದ್ದಿದೆ ಎಂದು ತಾವೂ ಬಗ್ಗಿ ಹುಡುಕುತ್ತಿದ್ದರು.

ನಮ್ಮದು ಉದ್ದನೆಯ ಸ್ಟೇಷನ್ ವ್ಯಾಗನ್. ಎರಡೂ ಬದಿಗೆ ಮರದ ಹಲಗೆಯಂತೆ ಕಾಣುವ ಕಂದು ಹಾಳೆ ಅಂಟಿಸಿತ್ತು. ಅಂಚುಗಳು ಸುಲಿದು ಗಾಳಿಗೆ ಪಟಪಟ ಅನ್ನುತ್ತಿದ್ದವು. ಉತ್ತರದ ಯಾವುದೋ ಹಿಮದ ಊರಿನಲ್ಲಿ ವರ್ಷಗಟ್ಟಲೆ ಉಪ್ಪು ತಿಂದು ನಮ್ಮ ಕೈಗೆ ಬಂದ ಗಾಡಿ ಅದು. ತುಕ್ಕಿಗೆ ಅಪ್ಪ ಜಂಗು ಎನ್ನುತ್ತಿದ್ದ. ಆ ಜಂಗು ಮೊದಲು ಚಕ್ರದ ಮೇಲಿನ ಕಮಾನನ್ನು ತಿಂದಿತು, ಆಮೇಲೆ ಡ್ರೈವರ್ ಬಾಗಿಲಿನ ಕೀಲು ಹಿಡಿಯಿತು. ಅಂದಿನಿಂದ ಅಪ್ಪ ಆಚೆಯ ಬಾಗಿಲಿನಿಂದ ಹತ್ತಿ, ಮುಂದಿನ ಸೀಟನ್ನು ಮಂಡಿಯಲ್ಲಿ ದಾಟಿ ಸ್ಟೀರಿಂಗಿನ ಹಿಂದೆ ಹೋಗಿ ಕೂರುತ್ತಿದ್ದ. ಕನ್ನಡದವರು ಸ್ಕೂಲೊಂದನ್ನು ಬಾಡಿಗೆಗೆ ಹಿಡಿದು ಸೇರುವ ಸಂಕ್ರಾಂತಿ ಊಟಕ್ಕೆ ಹೋದರೆ ಅವನು ಗಾಡಿಯನ್ನು ಸ್ಕೂಲಿನ ಹಿತ್ತಲಿನ ಕಸದ ಡಬ್ಬಿಗಳ ಪಕ್ಕ ನಿಲ್ಲಿಸುವನು. ಅವ್ವ ಬಿಸಿ ಪಾತ್ರೆ ಹೊತ್ತು ಅಷ್ಟು ದೂರ ನಡೆಯುವಳು. “ಇಲ್ಲೇ ಜಾಗ ಇತ್ತಲ್ರೀ” ಎಂದು ಯಾರಾದರೂ ಅಂದರೆ, “ಅಡ್ಡಾಡಿದ್ರ ಛಲೋರಿ” ಎಂದು ನಗುತ್ತಿದ್ದ. ಆ ಚಳಿಗಾಲದ ಆರಂಭದಲ್ಲಿ ಮುಂದಿನ ಸೀಟಿನ ಕಾಲಿನ ಜಾಗದಲ್ಲಿ ನೆಲವೇ ಕಳಚಿ ಬಿತ್ತು. ತೂತಿನಲ್ಲಿ ರಸ್ತೆ ಓಡುವುದು ಕಾಣುತ್ತಿತ್ತು. ಕರಗಿದ ಹಿಮದ ಕಪ್ಪು ಉಪ್ಪುನೀರು ಕೆಳಗಿನಿಂದ ಕಾರಂಜಿಯಂತೆ ಚಿಮ್ಮಿ ಅವ್ವನ ಮೊಣಕಾಲು ತೋಯಿಸುತ್ತಿತ್ತು.

ಅದೇ ಹೊತ್ತಿಗೆ ವಾಷಿಂಗ್ಟನ್ನಿನ ಒಂದು ಆಸ್ಪತ್ರೆಯವರು ಅವ್ವನನ್ನು ಇಂಟರ್‌ವ್ಯೂಗೆ ಕರೆದರು. ಕರೆದದ್ದು ಅದೊಂದೇ. ಅಲ್ಲಿ ತಗೊಂಡರೆ ಡಾಕ್ಟರು, ಇಲ್ಲದಿದ್ದರೆ ಇಲ್ಲ. ನನಗೂ ಅಷ್ಟು ಗೊತ್ತಿತ್ತು. ಕೆಳಗಿನ ಮನೆಯಲ್ಲಿದ್ದ ಮೈಸೂರಿನ ಶ್ಯಾಮಲಾ ಆಂಟಿ ಸುದ್ದಿ ಕೇಳಿ ಮೇಲೆ ಬಂದರು. ಒಳ್ಳೆಯವರೇ, ಬಾಯಿ ಮಾತ್ರ ಸ್ವಲ್ಪ ಸಡಿಲ. “ನಾವೇ ಡ್ರಾಪ್ ಮಾಡ್ತೀವಿ ಬಿಡ್ರೀ. ಹೊಸಾ ಕಾರು, ಸೀಟೂ ಹೀಟ್ ಆಗತ್ತೆ. ನಿಮ್ಮ ಗಾಡಿ ಸೌಂಡ್ ಕೇಳಿದ್ರೆ ನನ್ನ ಮಗ ಏನಂತಾನೆ ಗೊತ್ತಾ? ಮಾಮ್, ಟ್ರ್ಯಾಕ್ಟರ್ ಈಸ್ ಹಿಯರ್!” ಎಂದು ತಾವೇ ನಕ್ಕರು. ಆಯಿಯೂ ನಕ್ಕಳು. ಅಪ್ಪನೂ ನಕ್ಕ, ಆಮೇಲೆ ಹೇಳಿದ: “ಬ್ಯಾಡ್ರಿ. ನಮ್ಮ ಗಾಡಿ ಐತಲ್ರಿ.” ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನ ಮುಖ ನೋಡಿದಳು.

ಆ ಶನಿವಾರವೆಲ್ಲ ಅಪ್ಪ ಗಾಡಿಯ ಕೆಳಗೆ ಮಲಗಿದ್ದ. ಸೇತುವೆ ಕಟ್ಟಿಸುವವನು ತನ್ನ ಹೆಂಡತಿಯ ಕಾಲಿನ ಕೆಳಗೊಂದು ನೆಲ ಮಾಡಲಾರದೆ ಹೋಗುತ್ತಾನೆಯೇ? ಜಂಗು ಹತ್ತದ ತಗಡು ಬೇಕಿತ್ತು. ಮನೆಯಲ್ಲಿ ಅಂಥದ್ದು ಇದ್ದದ್ದು ಊರಿನಿಂದ ತಂದ ಸ್ಟೀಲಿನ ಪಾತ್ರೆ ಮಾತ್ರ. ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಯಾರೂ ಉಪಯೋಗಿಸದ ಒಂದು ಅಗಲವಾದ ಗಂಗಾಳ ಸಿಕ್ಕಿತು. ಊಟದ ತಟ್ಟೆಗೆ ನಮ್ಮ ಕಡೆ ಗಂಗಾಳ ಅನ್ನುತ್ತಾರೆ. ಅಪ್ಪ ಅದನ್ನು ಬೋರಲು ಹಾಕಿ, ತೂತಿನ ಮೇಲೆ ಕೂರಿಸಿ, ಸುತ್ತಲೂ ಸ್ಕ್ರೂ ಬಿಗಿದು, ಅಂಚಿಗೆ ಡಾಂಬರು ಬಳಿದ. ಮೇಲೆ ರಬ್ಬರಿನ ಚಾಪೆ ಹಾಸಿದ. ಒಂದು ಹನಿ ನೀರು ಬರಲಿಲ್ಲ. ಮೇಲೆ ಬಂದು ಕೈ ತೊಳೆಯುವಾಗ ಅವನು ಶಿಳ್ಳೆ ಹಾಕುತ್ತಿದ್ದ. ಅಪ್ಪನ ಶಿಳ್ಳೆ ನಾನು ಕೇಳಿದ್ದು ಕಡಿಮೆ.

ಇಂಟರ್‌ವ್ಯೂ ದಿನ ಹಿಮ ಬಿದ್ದಿತ್ತು, ನನಗೆ ಸ್ಕೂಲಿಗೆ ರಜೆ. ಆಯಿ ಮನೆಯಲ್ಲಿ ಒಬ್ಬಳೇ ಕೂರಲು ಒಪ್ಪಲಿಲ್ಲ. ಫೋನ್ ಬಂದರೆ ಇಂಗ್ಲಿಷಿನಲ್ಲಿ ಬರುತ್ತದೆ ಎಂಬುದು ಅವಳ ಭಯ. ಹೀಗಾಗಿ ಎಲ್ಲರೂ ಹೊರಟೆವು. ದಿನ ದೊಡ್ಡದೆಂದು ಅಪ್ಪ ಹಿಂದಿನ ಸಂಜೆಯೇ ಗಾಡಿಯನ್ನು ಒರೆಸಿ, ಆ ರಬ್ಬರಿನ ಚಾಪೆಯನ್ನೂ ತೊಳೆದು ಬಾಲ್ಕನಿಯಲ್ಲಿ ಒಣಹಾಕಿದ್ದ. ಬೆಳಿಗ್ಗೆ ಅದು ಹಪ್ಪಳದ ಹಾಗೆ ಸೆಟೆದು ಕಟಕಟ ಅನ್ನುತ್ತಿತ್ತು. ಬಿಟ್ಟೇ ಹೊರಟೆವು. ಅವ್ವ ಕರಿ ಪ್ಯಾಂಟು, ಕರಿ ಕೋಟು ತೊಟ್ಟಿದ್ದಳು. ಜಡೆಯನ್ನು ಗಂಟು ಕಟ್ಟಿ ಹಣೆಗೆ ಎಳ್ಳಿನಷ್ಟು ಕುಂಕುಮ. ಅಷ್ಟು ಚೆಂದದ ಹೆಂಗಸು ನಮ್ಮ ಅವ್ವ ಎಂದು ನನಗೆ ಆ ದಿನವೇ ಗೊತ್ತಾದದ್ದು. ಹೆದ್ದಾರಿಗೆ ಬಂದಾಗ ಬೆಳಕು ಏರಿತು. ಮುಂದಿನ ಲಾರಿಯ ಚಕ್ರದಿಂದ ಉಪ್ಪುನೀರು ಎರಚಿ ಗಾಜೆಲ್ಲ ಹಾಲು ಚೆಲ್ಲಿದಂತಾಗುತ್ತಿತ್ತು. ಅವ್ವ ಕೈಯಲ್ಲಿನ ಹಾಳೆ ನೋಡುತ್ತ ಉತ್ತರಗಳನ್ನು ಬಾಯಲ್ಲೇ ಗುಣುಗುಣಿಸುತ್ತಿದ್ದವಳು ಒಮ್ಮೆಲೇ ಕಾಲಿನ ಕಡೆ ನೋಡಿದಳು. ಬಗ್ಗಿ, ಬೂಟಿನ ಕೆಳಗಿನ ಕೆಸರನ್ನು ಕರವಸ್ತ್ರದಿಂದ ಒರೆಸಿದಳು.

“ರೀ, ಯಾವ ಗಂಗಾಳ ಹಾಕೀರಿ ಇದು?”

“ಟ್ರಂಕಿನ ತಳದಾಗ ಇತ್ತು. ಯಾಕ?”

ಪಾತ್ರೆ ಅಂಗಡಿಯವರು ಸ್ಟೀಲಿನ ಬೆನ್ನಿಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡುತ್ತಾರಲ್ಲ, ನಿಮಗೆ ಗೊತ್ತಿರಬೇಕು. ಗಂಗಾಳ ಬೋರಲಾದ್ದರಿಂದ ಆ ಬೆನ್ನು ಮೇಲೆ ಬಂದಿತ್ತು. “ಚಿ. ಸೌ. ಶಾಂತಾಳಿಗೆ, ತಂದೆ ವೀರಪ್ಪನ ಆಶೀರ್ವಾದ.” ಅವ್ವನ ಮದುವೆಗೆ ಅವಳ ಅಪ್ಪ ಕೊಟ್ಟದ್ದು. ನಾವು ಇಲ್ಲಿಗೆ ಬಂದ ವರ್ಷವೇ ಅವರು ತೀರಿಕೊಂಡಿದ್ದರು. ವೀಸಾದ ತೊಡಕಿನಲ್ಲಿ ಅವ್ವನಿಗೆ ಮಣ್ಣಿಗೆ ಹೋಗಲಾಗಿರಲಿಲ್ಲ. ಅವಳು ಎರಡೂ ಕಾಲು ಎತ್ತಿದಳು. ಬೂಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ನಾ ನೋಡ್ಲಿಲ್ಲ” ಎಂದ ಅಪ್ಪ. ಸ್ವಲ್ಪ ದೂರ ಹೋದಮೇಲೆ, “ಕಾಲ ಕೆಳಗ ಬಿಡು ಶಾಂತಾ. ಇನ್ನೂ ದೂರ ಐತಿ.”

“ನಮ್ಮಪ್ಪನ ಹೆಸರ ಮ್ಯಾಲ ಹೆಂಗ ಇಡ್ಲಿ?”

“ಪೇಪರ ಹಾಸ್ಕೊ.”

“ಓದಿ ಡಾಕ್ಟರ ಆಗಾಕ ಹೊಂಟಾಕಿ ಪೇಪರ ತುಳಿತಾಳೇನೋ, ಮೂಳಾ!” ಎಂದು ಹಿಂದಿನಿಂದ ಆಯಿ ಮಗನನ್ನು ಗದರಿದಳು. ತಾನು ಹೊದ್ದಿದ್ದ ಕೌದಿಯನ್ನು ಮುಂದಕ್ಕೆ ತಳ್ಳಿದಳು. “ಇದನ್ನ ಹಾಸ್ಕೊ ಬೇ.” ಆ ಕೌದಿ ಆಯಿಯ ಗಂಡ, ತೀರಿಹೋದ ನಮ್ಮ ಅಜ್ಜನ ಧೋತರಗಳಿಂದ ಹೊಲಿದದ್ದು. ಅವ್ವ ಅದನ್ನು ಮಡಚಿ, ಹಣೆಗೆ ಮುಟ್ಟಿಸಿ, ಹಿಂದಕ್ಕೆ ಕೊಟ್ಟಳು. ಅದು ಯಾರ ಧೋತರವೆಂದು ಆಯಿಗೂ ಆಗಲೇ ನೆನಪಾಗಿರಬೇಕು, ಕೌದಿಯನ್ನು ಮತ್ತೆ ಹೊದ್ದುಕೊಂಡಳು. ಕೆಳಗೆ ಲಕ್ಷ್ಮಿ, ಮೇಲೆ ಅವಳ ಅಪ್ಪನ ಹೆಸರು, ಕೈಯಲ್ಲಿ ಸರಸ್ವತಿ: ಆ ಗಾಡಿಯಲ್ಲಿ ಅವ್ವನಿಗೆ ಕಾಲಿಡಲು ಜಾಗವೇ ಇರಲಿಲ್ಲ. ಅಪ್ಪ ಮಾತ್ರ ಮತ್ತೆ ಮತ್ತೆ ಕೆಮ್ಮುತ್ತ, ಒಂದೇ ಸಮನೆ ಗಾಜು ಒರೆಸುತ್ತ, ಇಡೀ ದಾರಿ ಗಾಡಿ ನಡೆಸಿದ. ರಸ್ತೆ ಜಾರುತ್ತಿತ್ತು, ಕಾರುಗಳು ಇರುವೆ ಸಾಲಿನಂತೆ ಹರಿಯುತ್ತಿದ್ದವು. ಅವ್ವ ಕಾಲು ಇಳಿಸಲೇ ಇಲ್ಲ.

ಆಸ್ಪತ್ರೆಯ ಮುಂಬಾಗಿಲಿಗೆ ಬಂದಾಗ ಹೊತ್ತು ಮೀರುತ್ತಿತ್ತು. ಅವ್ವ ಬೂಟು ಏರಿಸಿಕೊಂಡು ಬಾಗಿಲು ತೆರೆದು ಇಳಿದಳು. ಕಾಲು ಎರಡೂ ಜೋಮು ಹಿಡಿದಿದ್ದವು. ಒಂದು ಹೆಜ್ಜೆ ಇಟ್ಟ ಹಾಗೆ ಮಾಡಿ, ಎಲ್ಲರ ಎದುರು, ಉಪ್ಪು ಹಿಮ ಕಲಸಿದ ಆ ಬೂದು ಕೆಸರಿನಲ್ಲಿ ಕುಸಿದು ಕೂತುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಕೋಟಿನವರು ತಿರುಗಿ ನೋಡಿದರು. ಅವರಲ್ಲಿ ಯಾರು ಅವಳನ್ನು ಪರೀಕ್ಷಿಸಬೇಕಾದವರೋ ಯಾರಿಗೆ ಗೊತ್ತು. ಅಪ್ಪ ತನ್ನ ಬಾಗಿಲನ್ನು ಭುಜದಿಂದ ಗುದ್ದಿದ, ಮತ್ತೆ ಗುದ್ದಿದ. ಅದು ತೆರೆಯುವ ಬಾಗಿಲಲ್ಲ ಎಂಬುದೇ ಅವನಿಗೆ ಮರೆತುಹೋಗಿತ್ತು. ಅವನು ಮಂಡಿಯೂರಿ ಸೀಟು ದಾಟುತ್ತಿರುವಾಗಲೇ ಆಸ್ಪತ್ರೆಯ ಒಬ್ಬ ಹೆಂಗಸು ಗಾಲಿಕುರ್ಚಿ ತಂದು, ಅವ್ವನನ್ನು ಎತ್ತಿ ಕೂರಿಸಿ, “ಹನಿ, ಯೂ ಆರ್ ಓಕೆ” ಎಂದು ಬೆನ್ನು ಸವರುತ್ತಿದ್ದಳು. ಅವ್ವ ಇಂಗ್ಲಿಷಿನಲ್ಲಿ ತಾನು ರೋಗಿಯಲ್ಲ ಎಂದು ಹೇಳಹೊರಟಳು. ಬಾಯಿಗೆ ಬಂದದ್ದು ಕನ್ನಡ. “ಏನಿಲ್ರಿ, ಏನಿಲ್ರಿ.” ಆ ಹೆಂಗಸು ಹಿಂದಿನಿಂದ ಇಳಿದು ಬಂದ ನನ್ನತ್ತ ತಿರುಗಿ, ಅಮ್ಮನ ಕಾಲಿಗೆ ಏನಾಗಿದೆ ಎಂದು ಕೇಳಿದಳು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾರಿನ ನೆಲದಲ್ಲಿ ಊಟದ ತಟ್ಟೆ ಇದೆ, ತಟ್ಟೆಯ ಮೇಲೆ ಅವ್ವನ ಅಪ್ಪನ ಹೆಸರಿದೆ, ಅದಕ್ಕೆ ಅವ್ವ ಕಾಲು ಇಡಲಿಲ್ಲ. ಇಂಗ್ಲಿಷಿನಲ್ಲಿ ಹೇಳುತ್ತ ಹೋದಂತೆ ಅದು ನನಗೇ ಹುಚ್ಚರ ಮಾತಿನಂತೆ ಕೇಳಿಸಿತು. ಆ ಹೆಂಗಸು ತೆರೆದ ಬಾಗಿಲಿನಿಂದ ಒಳಗೆ ಇಣುಕಿದಳು. ಡಾಂಬರು ಬಳಿದ ಗಂಗಾಳ, ಸ್ಕ್ರೂಗಳು, ಕೌದಿ ಹೊದ್ದು ಕಣ್ಣೀರು ಒರೆಸಿಕೊಳ್ಳುತ್ತಿದ್ದ ಆಯಿ, ಮಂಡಿಯ ಮೇಲೆ ಸೀಟಿನಲ್ಲಿ ಸಿಕ್ಕಿಕೊಂಡಿದ್ದ ಅಪ್ಪ. ಅವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಮೆಲ್ಲಗೆ ಬಾಗಿಲು ಮುಚ್ಚಿ ಅವ್ವನನ್ನು ಒಳಗೆ ತಳ್ಳಿಕೊಂಡು ಹೋದಳು. ಆಮೇಲೆ ಅವ್ವ ಎದ್ದು ನಡೆದಿರಬೇಕು, ಇಂಟರ್‌ವ್ಯೂ ಮುಗಿಸಿ ನಡೆದೇ ಹೊರಗೆ ಬಂದಳು. ಕರಿ ಕೋಟು ಒಣಗಿ, ಸೊಂಟದಿಂದ ಕೆಳಗೆ ಉಪ್ಪಿನ ಬಿಳಿ ಗೆರೆಗಳು ನಕ್ಷೆ ಬರೆದಂತೆ ಎದ್ದಿದ್ದವು.

ಅಪ್ಪ ಗಾಡಿ ಶುರು ಮಾಡಲಿಲ್ಲ. ಆಯಿಯೇ ಕೇಳಿದಳು. “ಏನ ಕೇಳಿದ್ರು ಬೇ?”

“ಕಾಲಿಗೆ ಏನಾಗೇತಿ ಅಂತ ಕೇಳಿದ್ರು.”

“ಮತ್ತ?”

“ಅಷ್ಟ.”

ಮಾರ್ಚಿನಲ್ಲಿ, ಆಗಲಿಲ್ಲ ಎಂದು ತಿಳಿಯಿತು. ಇಂಗ್ಲಿಷು ಕಾರಣವಿರಬಹುದು, ವಯಸ್ಸಿರಬಹುದು, ಅವಳಿಗಿಂತ ಚೆನ್ನಾಗಿ ಓದಿದವರು ನೂರು ಜನ ಬಂದಿರಬಹುದು. ಮನೆಯಲ್ಲಿ ಮಾತ್ರ ಎಲ್ಲರ ಮನಸ್ಸಿನಲ್ಲೂ ಕಾರಣ ಒಂದೇ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ವರ್ಷ ಅವ್ವ ಅರ್ಜಿ ಹಾಕಲಿಲ್ಲ. ಹಿಟ್ಟಿನ ಬೆರಳಚ್ಚಿನ ಪುಸ್ತಕಗಳನ್ನು ಹೊಸದಾಗಿ ಬಂದಿದ್ದ ಇನ್ನೊಬ್ಬ ಡಾಕ್ಟರಿಗೆ ಕೊಟ್ಟು, ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದಳು. ಯಾರ ಕೈಯಲ್ಲಿ ನರ ಸಿಗದಿದ್ದರೂ ಅವಳಿಗೆ ಸಿಗುತ್ತಿತ್ತಂತೆ. ಅಪ್ಪ ಬದುಕಿರುವವರೆಗೂ ಹೊಸಬರಿಗೆ ಅವಳನ್ನು ಪರಿಚಯಿಸುವಾಗ “ಇವರು ಡಾಕ್ಟರು” ಎನ್ನುತ್ತಿದ್ದ. ಆಗ ಅವ್ವ ಯಾವಾಗಲೂ ಏನೋ ತರಲೆಂಬಂತೆ ಎದ್ದು ಒಳಗೆ ಹೋಗುತ್ತಿದ್ದಳು.

ಈಗ ಆಯಿ ಇಲ್ಲ, ಅಪ್ಪ ಇಲ್ಲ, ಹೋದ ವರ್ಷದಿಂದ ಅವ್ವನೂ ಇಲ್ಲ. ಆ ಮನೆಯ ಮಾತು ಆಡಿದರೆ ಹೌದು ಅನ್ನುವವರು ನನಗೆ ಯಾರೂ ಉಳಿದಿಲ್ಲ. ಅವರೆಲ್ಲರೂ ಒಟ್ಟಿಗೆ ನಿಂತಿರುವ ಒಂದು ಚಿತ್ರ ಮಾತ್ರ ಕಣ್ಣಿನಿಂದ ಹೋಗುವುದಿಲ್ಲ. ಆ ಇಂಟರ್‌ವ್ಯೂ ಆದ ಮುಂದಿನ ಶರತ್ಕಾಲದಲ್ಲಿ ಅಪ್ಪ ಹೊಸ ಕಾರು ತಂದ. ಒಂದು ಹರಳು ಉಪ್ಪು ಕಾಣದ ಕಾರು, ಸೀಟಿನ ಮೇಲೆ ಪ್ಲಾಸ್ಟಿಕ್ಕು ಹಾಗೇ ಇತ್ತು. ಎಂದೂ ಹಾರ್ನ್ ಒತ್ತದವನು ಕೆಳಗೆ ನಿಂತು ಹಾರ್ನ್ ಒತ್ತಿದ. ನಾವೆಲ್ಲ ಇಳಿದು ಬಂದೆವು. ಆಯಿ ಕುಂಕುಮ ಹಚ್ಚಿದಳು, ನಿಂಬೆಹಣ್ಣು ಇಟ್ಟಳು. ಅಪ್ಪ ಸುತ್ತಿ ಬಂದು ಅವ್ವನಿಗಾಗಿ ಮುಂದಿನ ಬಾಗಿಲು ತೆರೆದು ಹಿಡಿದ.

“ಹತ್ತು. ಎಲ್ಲಿಗೆ ಹೋಗೂಣು ಹೇಳು.”

ಅವ್ವ ಮಗುವಿನ ಹಣೆಯ ಜ್ವರ ನೋಡುವ ಹಾಗೆ ಕಾರನ್ನು ಅಂಗೈಯಿಂದ ಮುಟ್ಟಿದಳು. “ಛಲೋ ಐತ್ರಿ” ಎಂದಳು. “ನನಗ ಎಲ್ಲಿ ಹೋಗೂದೈತಿ? ಒಲಿ ಮ್ಯಾಲ ಬ್ಯಾಳಿ ಇಟ್ಟೇನಿ.” ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗು ಬಿಗಿ ಮಾಡಿಕೊಂಡು ಮೆಟ್ಟಿಲು ಹತ್ತಿದಳು, ಹಿಂದೆ ಆಯಿ, ಆಯಿಯ ಕೈ ಹಿಡಿದು ನಾನು. ತಿರುವಿನಲ್ಲಿ ಬಗ್ಗಿ ನೋಡಿದೆ. ಅಪ್ಪ ಆ ಬಾಗಿಲನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದ, ಇನ್ನೇನು ಯಾರೋ ಬಂದು ಕೂರುವವರಿದ್ದಾರೆ ಎನ್ನುವ ಹಾಗೆ.